ಗೋಡೆಯ ಮೇಲಿನ ಗುಂಡಿ, ಚಾವಣಿಯ ಮೇಲಿನ ಇಸ್ಮೊ

ಗಡಿಯಾರದ ಪ್ರಕಾರ ಬೆಳಗಾಗಿದೆ, ಪೋರಿ ಎಂಬ ಈ ಉತ್ತರದ ಊರಿನ ಆಕಾಶಕ್ಕೆ ಇನ್ನೂ ಆ ಸುದ್ದಿ ಮುಟ್ಟಿಲ್ಲ. ಊರಂಚಿನ ವ್ಯಾಪಾರ ಸಂಕೀರ್ಣದ ಚಾವಣಿಯ ಮೇಲೆ, ಹಿಮ ಗುಡಿಸಿ ಮಾಡಿಕೊಂಡ ಒಂದಿಷ್ಟು ಜಾಗದಲ್ಲಿ ಇಸ್ಮೊ ರಾನ್ತಾಲಾ ಮಂಡಿಯೂರಿ ಕೂತಿದ್ದಾರೆ. ಕೈಗವಸು ಬಿಚ್ಚಿ, ಬೆರಳುದ್ದದ ಸೆನ್ಸರೊಂದನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದಿದ್ದಾರೆ. ಕಣ್ಣು ಮಾತ್ರ ನಿಯಂತ್ರಣ ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ. ಅಂಗೈಯ ಶಾಖಕ್ಕೆ ಅಲ್ಲಿನ ಅಂಕಿ ಮೆಲ್ಲಗೆ ಏರತೊಡಗುತ್ತದೆ.

"ಇದು ಬದುಕಿದೆ," ಅನ್ನುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ನೀನು?"

ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನು ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಈ ಊರಿಗೆ ಬಂದು ಅರ್ಧ ಆಯುಷ್ಯವೇ ಕಳೆದರೂ ಸಮುದ್ರದ ಕಡೆಯಿಂದ ಬೀಸುವ ಫೆಬ್ರವರಿಯ ಗಾಳಿಗೆ ನಾನು ಇವತ್ತಿಗೂ ಹೊಸಬ.

ನಮ್ಮ ಕಾಲಡಿಯಲ್ಲಿ ದಿನಸಿ ಅಂಗಡಿ, ಔಷಧದ ಅಂಗಡಿ, ಕಾಫಿಯ ಮಳಿಗೆ ಎಲ್ಲ ಇವೆ. ಅವುಗಳಿಗೆ ಚಳಿಗಾಲದಲ್ಲಿ ಬಿಸಿಗಾಳಿ, ಬೇಸಿಗೆಯಲ್ಲಿ ತಂಪು ಗಾಳಿ ಕೊಡುವುದು ಚಾವಣಿಯ ಮೇಲೆ ಲಾರಿಯಷ್ಟು ದೊಡ್ಡದಾಗಿ ಕೂತಿರುವ ಈ ಯಂತ್ರಗಳು. ಎಷ್ಟು ಬಿಸಿ, ಎಷ್ಟು ಹೊತ್ತು, ಯಾವ ಕಡೆಗೆ ಎಂದು ಲೆಕ್ಕ ಹಾಕುವುದು ಯಂತ್ರದ ಹೊಟ್ಟೆಯಲ್ಲಿರುವ ಪೆಟ್ಟಿಗೆ. ಆ ಪೆಟ್ಟಿಗೆ ತಪ್ಪು ಲೆಕ್ಕ ಹಾಕಿದಾಗ ಸರಿ ಮಾಡುವವರು ಇಸ್ಮೊ. ಪೋರಿಯಿಂದ ಪಕ್ಕದ ರೌಮಾ ಊರಿನವರೆಗೆ ಅರುವತ್ತಕ್ಕೂ ಹೆಚ್ಚು ಯಂತ್ರಗಳು ಇವರ ಪಾಲಿಗಿವೆ.

"ಚಳಿಯಾದ್ರೆ, ಸೆಕೆಯಾದ್ರೆ ಮಾತ್ರ ಜನಕ್ಕೆ ನನ್ನ ನೆನಪು. ಎಲ್ಲ ಸರಿ ಇದ್ದಾಗ ನಾನು ಇಲ್ಲವೇ ಇಲ್ಲ. ಅದಕ್ಕೇನು ಬೇಜಾರಿಲ್ಲ ಬಿಡು, ಬೈಸಿಕೊಳ್ಳೋದಕ್ಕಿಂತ ಇಲ್ಲದೇ ಇರೋದು ವಾಸಿ," ಎಂದು ನಗುತ್ತಾರೆ.

ಇಸ್ಮೊ ಕಲಿತದ್ದು ವಿದ್ಯುತ್ ಕೆಲಸ. ಮೊದಲು ಮೀನಿನ ಶೀತಲ ಗೋದಾಮೊಂದರಲ್ಲಿದ್ದರು. ಅದು ಮುಚ್ಚಿದ ಮೇಲೆ ಚಾವಣಿ ಹತ್ತಿದರು, ಇನ್ನೂ ಇಳಿದಿಲ್ಲ. ಫ್ಯಾನುಗಳ ಪಕ್ಕದಲ್ಲೇ ವರ್ಷಗಟ್ಟಲೆ ನಿಂತು ಎಡಗಿವಿ ಮಂದವಾಗಿದೆ. ಮಂಜುಗಟ್ಟಿದ ಏಣಿಯಿಂದ ಜಾರಿ ಬಿದ್ದ ಸೊಂಟ ಇವತ್ತಿಗೂ ಹವಾಮಾನ ವರದಿ ಕೊಡುತ್ತದಂತೆ. ರೈ ಬ್ರೆಡ್ಡು, ಮೇಲೊಂದು ತುಂಡು ಚೀಸು, ಫ್ಲಾಸ್ಕಿನ ಕಾಫಿ, ಇಷ್ಟರಲ್ಲಿ ಮಧ್ಯಾಹ್ನದ ಊಟ ಯಾವುದೋ ಒಂದು ಚಾವಣಿಯ ಮೇಲೆ ಮುಗಿಯುತ್ತದೆ.

ಇಷ್ಟನ್ನು ಬರೆದು ನಾನು ಮನೆಗೆ ಹೋಗಬಹುದಿತ್ತು. ಆದರೆ ಇವತ್ತು ಇಷ್ಟು ಬೇಗ ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿಬಿಟ್ಟೆ. ಇಸ್ಮೊ ಸೆನ್ಸರನ್ನು ಕೆಳಗಿಟ್ಟು ಹೇಳತೊಡಗಿದರು.

ಈ ಕಸುಬಿನಲ್ಲಿ ಹೊರಗಿನವರಿಗೆ ಹೇಳದ ಒಂದು ಪದ್ಧತಿ ಇದೆ. ಕಚೇರಿಯಲ್ಲಿ ಒಬ್ಬರಿಗೆ ಸೆಕೆ, ಪಕ್ಕದವರಿಗೆ ಚಳಿ, ದಿನವೂ ಜಗಳ. ಆಗ ಗೋಡೆಗೆ, ನಮ್ಮ ಫ್ಯಾನ್ ರೆಗ್ಯುಲೇಟರಿನಂಥ ಒಂದು ಗುಂಡಿ ಕೂರಿಸುತ್ತಾರೆ. ತಿರುಗಿಸಿದರೆ ತಿರುಗುತ್ತದೆ, ಅಷ್ಟೇ. ಹಿಂದೆ ತಂತಿ ಇರುವುದಿಲ್ಲ. ಜನ ತಿರುಗಿಸುತ್ತಾರೆ, ಈಗ ವಾಸಿ ಅನ್ನುತ್ತಾರೆ. ಇವರ ನಡುವೆ ಅದಕ್ಕೆ 'ಸುಮ್ಮನಿರಿಸುವ ಗುಂಡಿ' ಎಂದು ಹೆಸರು. ಇಸ್ಮೊ ಇಂಥವನ್ನು ಬೇಕಾದಷ್ಟು ಹಾಕಿದ್ದಾರೆ, ಹಾಕಿ ಹಾಯಾಗಿ ನಿದ್ದೆಯನ್ನೂ ಮಾಡಿದ್ದಾರೆ. ಒಂದರ ವಿಷಯದಲ್ಲಿ ಮಾತ್ರ ನಿದ್ದೆ ಬಂದಿಲ್ಲ.

ಅದು ಇರುವುದು ಕೆಳಗೆ, ದೊಡ್ಡ ಬಾಗಿಲಿನ ಪಕ್ಕದ ಹೊಲಿಗೆ ಅಂಗಡಿಯಲ್ಲಿ. ಅಂಗಡಿಯ ಒಡತಿ ಸಿರ್ಕಾ ಅಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಾರೆ, ಮಕ್ಕಳ ಹಿಮದ ಉಡುಪುಗಳಿಗೆ ಜಿಪ್ ಹಾಕುತ್ತಾರೆ. ನನ್ನ ಪ್ಯಾಂಟುಗಳೆಲ್ಲ ಅವರ ಕೈಯಿಂದಲೇ ನನ್ನ ಅಳತೆಗೆ ಇಳಿದದ್ದು. ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿ ನೇರ ಅವರ ಕಾಲಿಗೆ ಹೊಡೆಯುತ್ತದೆ. ಯಂತ್ರದ ಸೆನ್ಸರ್ ಇರುವುದೋ ಕಾಫಿ ಮಳಿಗೆಯ ಒಲೆಯ ಹತ್ತಿರ. ಅಲ್ಲಿ ಬೆಚ್ಚಗಿದ್ದರೆ ಕಟ್ಟಡವೆಲ್ಲ ಬೆಚ್ಚಗಿದೆ ಎಂದು ಯಂತ್ರ ನಂಬುತ್ತದೆ.

ಸಿರ್ಕಾ ದೂರು ಕೊಟ್ಟರು, ಮತ್ತೆ ಕೊಟ್ಟರು. ಕಟ್ಟಡದ ಆಗಿನ ವ್ಯವಸ್ಥಾಪಕರು ಇಸ್ಮೊಗೆ ಹೇಳಿದ್ದು ಹೀಗೆ: "ಆ ಹೆಂಗಸಿಗೆ ತಿರುಗಿಸೋಕೆ ಏನಾದ್ರೂ ಕೊಡು ಮಾರಾಯ. ನನಗೆ ಫೋನ್ ಬರೋದು ನಿಂತ್ರೆ ಸಾಕು."

"ನಾನೇ ಎರಡು ಸ್ಕ್ರೂ ಹಾಕಿ ಬಿಗಿದೆ," ಅನ್ನುತ್ತಾರೆ ಇಸ್ಮೊ. "ಮುಂದಿನ ಸಲ ಹೋದಾಗ, ಈಗ ಬೆಚ್ಚಗಿದೆ ಇಸ್ಮೊ, ಒಳ್ಳೇದಾಯ್ತು ಅಂದ್ಲು. ಕಾಫಿ ಬೇರೆ ಕೊಟ್ಲು. ಹೇಗೆ ಕುಡಿಯೋದು ಅದನ್ನ! ಕಚೇರಿಯವರದ್ದು ಬಿಡು, ಅವರಿಗೆ ಚಳಿ ಇರೋದು ತಲೇಲಿ. ಇವಳಿಗೆ ನಿಜವಾಗ್ಲೂ ಚಳಿ ಇತ್ತು."

ಅಂದಿನಿಂದ ಈ ಕಟ್ಟಡಕ್ಕೆ ಬಂದಾಗಲೆಲ್ಲ ಇಸ್ಮೊ ಹೊಲಿಗೆ ಅಂಗಡಿಗೆ ಹೊಕ್ಕು "ಈಗ ಹೇಗಿದೆ?" ಎಂದು ಕೇಳುತ್ತಾರೆ. "ಬೆಚ್ಚಗಿದೆ," ಅನ್ನುತ್ತಾರೆ ಸಿರ್ಕಾ. ಚಳಿಗಾಲಗಳು ಹೀಗೇ ಕಳೆದವು. ಕಳೆದ ಶರತ್ಕಾಲದಲ್ಲಿ ಸಿರ್ಕಾ, ಬೆರಳುಗಳ ಗಂಟುನೋವು ತಡೆಯಲಾಗದೆ ಫೆಬ್ರವರಿಗೆ ಅಂಗಡಿ ಮುಚ್ಚುತ್ತೇನೆ ಅಂದರು. ಕೊನೆಯ ದಿನ ಈ ಶನಿವಾರ.

"ಚಳಿಯಿಂದಲೇ ಹಾಗಾಯ್ತು ಅಂತ ಡಾಕ್ಟರ್ ಹೇಳಿಲ್ಲವಂತೆ. ಹೊಲಿದು ಹೊಲಿದೂ ಬರುತ್ತಂತೆ," ಎಂದು ಇಸ್ಮೊ ಸ್ಕ್ರೂಡ್ರೈವರ್ ಒರೆಸುತ್ತಾರೆ. "ಆದ್ರೆ ಚಳಿಯಿಂದ ಅಲ್ಲ ಅಂತಾನೂ ಹೇಳಿಲ್ಲ."

ಈ ಚಳಿಗಾಲದಲ್ಲಿ ಹಳೆಯ ಪೆಟ್ಟಿಗೆ ತೆಗೆದು ಹೊಸದನ್ನು ಹಾಕಿದ್ದಾರೆ. ಹೊಸದರಲ್ಲಿ ಇನ್ನೊಂದು ಸೆನ್ಸರಿಗೆ, ಇನ್ನೊಂದು ಗುಂಡಿಗೆ ಜಾಗ ಉಳಿದಿದೆ. ಗುಜರಿಗೆ ಹೊರಟಿದ್ದ ಯಂತ್ರವೊಂದರಿಂದ ಇಸ್ಮೊ ಪುಟ್ಟ ಮೋಟಾರನ್ನು ಬಿಚ್ಚಿಟ್ಟುಕೊಂಡಿದ್ದರು. ಗಾಳಿಯ ಕೊಳವೆಯೊಳಗಿನ ತಗಡಿನ ಬಾಗಿಲನ್ನು ತೆರೆದು ಮುಚ್ಚುವುದು ಅದರ ಕೆಲಸ. ಈಗಿನ ವ್ಯವಸ್ಥಾಪಕರು, ಖರ್ಚಿಲ್ಲದಿದ್ದರೆ ಏನಾದರೂ ಮಾಡಿಕೊಳ್ಳಿ ಅಂದರಂತೆ. ನಿನ್ನೆ ಸಂಜೆ ಸಿರ್ಕಾ ಬೀಗ ಹಾಕಿ ಹೋದ ಮೇಲೆ ಕಾವಲುಗಾರರಿಂದ ಕೀಲಿ ಪಡೆದು ಮೋಟಾರು ಕೂರಿಸಿ, ಗುಂಡಿಯ ಹಿಂದಿನಿಂದ ಚಾವಣಿಯವರೆಗೆ ತಂತಿ ಎಳೆದಿದ್ದಾರೆ. ಇವತ್ತು ಅದನ್ನು ಪೆಟ್ಟಿಗೆಗೆ ಸೇರಿಸುವುದಷ್ಟೇ ಬಾಕಿ.

"ಇದನ್ನೆಲ್ಲ ಬರೆಯಬಹುದಾ?" ಎಂದು ಕೇಳಿದೆ.

"ಬರಿ. ಆದ್ರೆ ಮೊದಲು ನಾನು ಅವಳಿಗೆ ಹೇಳಿರಬೇಕು. ಪೇಪರಲ್ಲಿ ಓದಿ ತಿಳಿಯೋದು ಬೇಡ."

ತಂತಿಯ ತುದಿ ಬಿಗಿದು, ಪೆಟ್ಟಿಗೆಯ ಬಾಗಿಲು ಮುಚ್ಚಿ ನಾವು ಕೆಳಗಿಳಿಯುವಷ್ಟರಲ್ಲಿ ಅಂಗಡಿಗಳು ತೆರೆದಿವೆ. ಸಿರ್ಕಾ ಬೆರಳಿಲ್ಲದ ಉಣ್ಣೆಯ ಕೈಗವಸು ಹಾಕಿಕೊಂಡು, ಪುಟಾಣಿ ಕೆಂಪು ಉಡುಪೊಂದರ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದಾರೆ. ಅರ್ಧ ಕಪಾಟು ಆಗಲೇ ಖಾಲಿಯಾಗಿದೆ.

"ಬಂದ್ಯಾ? ಪೇಪರಿನವರನ್ನೂ ಕಟ್ಟಿಕೊಂಡು ಬಂದಿದೀಯ. ದೊಡ್ಡ ಮನುಷ್ಯ ಆಗ್ಬಿಟ್ಟೆ ಬಿಡು," ಅನ್ನುತ್ತಾರೆ ಸಿರ್ಕಾ.

ಇಸ್ಮೊ ಟೋಪಿ ತೆಗೆಯುತ್ತಾರೆ. "ಸಿರ್ಕಾ, ಆ ಗುಂಡಿ ಒಂಚೂರು ತಿರುಗಿಸು."

"ಯಾಕೆ, ನಿಂಗೆ ಚಳೀನಾ?"

"ತಿರುಗಿಸು ಅಂದೆ."

ಸಿರ್ಕಾ ತಿರುಗಿಸುತ್ತಾರೆ. ತಲೆಯ ಮೇಲೆ ಎಲ್ಲೋ ಕಿರ್ ಎಂದು ತಗಡು ಹೊರಳಿದ ಸದ್ದು. ತುಸು ಹೊತ್ತಿಗೆ ಮೇಜಿನಂಚಿಗೆ ನೇತುಬಿದ್ದ ದಾರದ ಎಳೆ ಅಲ್ಲಾಡತೊಡಗುತ್ತದೆ. ಸಿರ್ಕಾ ಕತ್ತೆತ್ತಿ ಮೇಲೆ ನೋಡುತ್ತಾರೆ.

"ಇದಕ್ಕೆ ಸದ್ದು ಬರುತ್ತಾ?"

"ಇವತ್ತಿಂದ ಬರುತ್ತೆ," ಅನ್ನುತ್ತಾರೆ ಇಸ್ಮೊ. "ಇಷ್ಟು ವರ್ಷ ಅದು..." ಟೋಪಿ ಕೈಯಲ್ಲಿ ಸುತ್ತುತ್ತಲೇ ಇದೆ.

"ಇಷ್ಟು ವರ್ಷ ಅದರ ಹಿಂದೆ ಬರೀ ಗೋಡೆ ಇತ್ತು," ಎಂದು ಸಿರ್ಕಾ ಮಾತು ಮುಗಿಸಿಕೊಡುತ್ತಾರೆ. "ಗೋಡೆಗೆ ಬಣ್ಣ ಹೊಡೆಯೋಕೆ ಅಂತ ಮೊದಲನೇ ಬೇಸಿಗೇಲೇ ಬಿಚ್ಚಿದ್ದೆ ಮಾರಾಯ. ಎರಡು ಸ್ಕ್ರೂ. ನಾನು ಹೊಲಿಗೆಯವಳು, ಯಾವುದಕ್ಕೆ ದಾರ ಇಲ್ಲ ಅಂತ ನಂಗೆ ಗೊತ್ತಾಗಲ್ವಾ?"

ಇಸ್ಮೊ ಅವರ ಮುಖ ಕೆಂಪಾಗುತ್ತದೆ. "ಮತ್ತೆ ಹೇಳ್ಲಿಲ್ಲ ಯಾಕೆ? ಬೈಬಹುದಿತ್ತಲ್ಲ ನಂಗೆ."

"ಬೈದಿದ್ರೆ ನೀನು ಇತ್ತ ಕಡೆ ತಲೆ ಹಾಕ್ತಿರ್ಲಿಲ್ಲ. ಹೇಗಿದೆ ಅಂತ ಒಳಗೆ ಬಂದು ಕೇಳ್ತಿದ್ದವನು ನೀನೊಬ್ಬ. ಬೇರೆಯವರೆಲ್ಲ ಪ್ಯಾಂಟ್ ಯಾವತ್ತು ಕೊಡ್ತೀಯ ಅಂತ ಕೇಳ್ತಾರೆ."

ನಾನು ನೆಲ ನೋಡುತ್ತೇನೆ. ಆ ಬೇರೆಯವರಲ್ಲಿ ನಾನೂ ಒಬ್ಬ. ಎಷ್ಟೋ ಸಲ ಇದೇ ಮೇಜಿನ ಮುಂದೆ ಕೋಟು ಕೂಡ ಬಿಚ್ಚದೆ ನಿಂತು, ಚೀಟಿ ಕೊಟ್ಟು, ಪ್ಯಾಂಟು ತೆಗೆದುಕೊಂಡು ಹೋಗಿದ್ದೇನೆ. ಇಲ್ಲಿ ಚಳಿ ಇದೆ ಎಂಬುದೂ ನನ್ನ ತಲೆಗೆ ಹೊಳೆದಿರಲಿಲ್ಲ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇಸ್ಮೊ ಕೈಯೆತ್ತಿ ಗಾಳಿ ಬರುವ ಜಾಲರಿಯ ಕೆಳಗೆ ಹಿಡಿಯುತ್ತಾರೆ. ಗಾಳಿ ಬಿಸಿಯಾಗಿದೆ, ಕೆಲಸ ಚೆನ್ನಾಗಿ ಆಗಿದೆ. ಆದರೂ ಹಳೆಯ ಅಭ್ಯಾಸದಂತೆ ಕೇಳುತ್ತಾರೆ: "ಈಗ ಹೇಗಿದೆ?"

"ಬೆಚ್ಚಗಿದೆ."

ಇಸ್ಮೊ ಕೈ ಕೆಳಗಿಳಿಸುತ್ತಾರೆ. ಇಸ್ಮೊ ಅವರ ಮುಖವನ್ನೇ ನೋಡಿ ಸಿರ್ಕಾ, ದನಿ ತಗ್ಗಿಸಿ, "ಮೊದಲೂ ಹಾಗೇ ಅಂತಿದ್ದೆ, ಅಲ್ವಾ?" ಅನ್ನುತ್ತಾರೆ.

ಆಗ ಇಸ್ಮೊ, ಈ ಊರಿನಲ್ಲಿ ಯಾರೂ ಸುಲಭಕ್ಕೆ ಮಾಡದ ಕೆಲಸ ಮಾಡುತ್ತಾರೆ. ಸಿರ್ಕಾರ ಗಂಟುಗಟ್ಟಿದ ಬೆರಳುಗಳನ್ನು ತಮ್ಮ ಮುಷ್ಟಿಯಲ್ಲಿ ತೆಗೆದುಕೊಳ್ಳುತ್ತಾರೆ, ಮುಂಜಾನೆ ಸೆನ್ಸರನ್ನು ಹಿಡಿದ ಹಾಗೆಯೇ. ಇಲ್ಲಿ ನೋಡಿ ತಿಳಿದುಕೊಳ್ಳಲು ಪರದೆ ಇಲ್ಲ. ಕೇಳಿಯೇ ತಿಳಿಯಬೇಕು.

"ಶನಿವಾರದವರೆಗೂ ದಿನಾ ಬರ್ತೀನಿ," ಅನ್ನುತ್ತಾರೆ ಇಸ್ಮೊ. "ಆಮೇಲೆ ಮನೆಗೂ ಬರ್ತೀನಿ, ಕಾಫಿ ಇದ್ರೆ. ಚಳಿ ಇದ್ರೆ ಚಳಿ ಅಂತ ಹೇಳು. ನಂಗೆ ಅಷ್ಟೇ ಬೇಕಾಗಿರೋದು."

ದೊಡ್ಡ ಬಾಗಿಲು ತೆರೆದು ಯಾರೋ ಒಳಗೆ ಬರುತ್ತಾರೆ, ಅವರ ಹಿಂದೆಯೇ ಹೊರಗಿನ ಗಾಳಿ.

"ಚಳಿ ಇದೆ, ಇಸ್ಮೊ," ಅನ್ನುತ್ತಾರೆ ಸಿರ್ಕಾ.

ಇಸ್ಮೊ ಗೋಡೆಯ ಹತ್ತಿರ ಹೋಗಿ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾರೆ.