ಮಾತು ಕಳೆದುಕೊಂಡ ಹಿತ್ತಿಯ ಅರಸನ ಊರಿಗೆ

ಚೆನ್ನೈಯ ಪಲ್ಲಾವರಂನ ನಮ್ಮ ಮನೆಯ ಮೇಲೆ ದಿನವೂ ವಿಮಾನಗಳು ತಗ್ಗಿನಲ್ಲಿ ಹಾರುತ್ತವೆ. ಇಷ್ಟು ವರ್ಷ ಅವುಗಳ ಹೊಟ್ಟೆಯನ್ನು ಮಾತ್ರ ನೋಡಿದ್ದ ನಾನು ಏಪ್ರಿಲ್‌ನ ಒಂದು ಬೆಳಿಗ್ಗೆ ಮೊದಲ ಸಲ ಒಳಗೆ ಕುಳಿತೆ. ಪಕ್ಕದ ಸೀಟಿನಲ್ಲಿ ನಮ್ಮವರು ಇರಬೇಕಿತ್ತು. ಅಲ್ಲಿ ಅವರ ಅಕ್ಕ, ನನ್ನ ಸುಗುಣ ಅತ್ತಿಗೆ, ಮಾಧವರಂನಿಂದ ಬಂದು ಬೆಲ್ಟು ಬಿಗಿದುಕೊಂಡು ಕುಳಿತಿದ್ದರು.

ನಮ್ಮವರು ರೈಲ್ವೆಯಲ್ಲಿದ್ದರು. ಭಾನುವಾರ ಚರ್ಚಿನಲ್ಲಿ ನಮ್ಮ ಕನ್ನಡ ಸಭೆಯ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದರು. ಹೆಂಡತಿಯನ್ನು ಹೂಳಲು ಜಾಗವಿಲ್ಲದ ಅಬ್ರಹಾಮನು ಹಿತ್ತಿಯನೊಬ್ಬನಿಂದ ಗವಿಯನ್ನು ಕೊಂಡುಕೊಂಡ ಕಥೆ ಅವರಿಗೆ ಬಹಳ ಇಷ್ಟ. ಹಿತ್ತಿಯರು ಎಂಬ ಜನ ಬೈಬಲಿನ ಪುಟಗಳಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ ಎಂದು ಓದಿದವರೇ ನಗುತ್ತಿದ್ದ ಕಾಲವೊಂದಿತ್ತಂತೆ. ಆಮೇಲೆ ಟರ್ಕಿಯ ಒಂದು ಬೆಟ್ಟದಲ್ಲಿ ಅವರ ರಾಜಧಾನಿಯೇ ಸಿಕ್ಕಿತು. ಅರಸರು ಬರೆಸಿದ ಮಣ್ಣಿನ ಹಲಗೆಗಳು ರಾಶಿರಾಶಿಯಾಗಿ ಬಂದವು. ಆ ಬೆಟ್ಟ ನೋಡಲೆಂದೇ ಅವರು ನಮ್ಮಿಬ್ಬರಿಗೂ ಈ ಪ್ರವಾಸಕ್ಕೆ ಹೆಸರು ಬರೆಸಿದ್ದರು.

ಅದಾದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಏನೋ ಹೇಳಲು ಹೋದರು. ಬಾಯಿ ಒಂದು ಪಕ್ಕಕ್ಕೆ ಜಾರಿತು. ಏಳು ತಿಂಗಳು ಮಾತಿಲ್ಲದೆ ಇದ್ದು ತೀರಿಕೊಂಡರು. ಅವರ ತಂದೆಯೂ ಹಾಗೆಯೇ ಹೋಗಿದ್ದರು. ಆ ಮನೆತನದಲ್ಲಿ ಈಗ ಉಳಿದಿರುವವರು ಅತ್ತಿಗೆ ಒಬ್ಬರೇ. ಅವರಿಗೂ ಬಿಪಿ. ಹಾಗಾಗಿ ವಿಮಾನ ಮೇಲೇರಿದಾಗಿನಿಂದ ನಾನು ಮೋಡಗಳನ್ನು ನೋಡಲಿಲ್ಲ, ಅವರ ಬಾಯನ್ನೇ ನೋಡುತ್ತಿದ್ದೆ.

"ಏ ಪ್ರೇಮಾ, ನನ್ ಮೂತಿ ಮೇಲೆ ಸಿನಿಮಾ ಓಡ್ತಾ ಇದೆಯಾ? ಆ ಕಡೆ ಕಿಟಕಿ ನೋಡಮ್ಮ. ಟಿಕೆಟ್ ಅದಕ್ಕೆ ತಾನೇ ತಗೊಂಡಿರೋದು?" ಎಂದರು ಅತ್ತಿಗೆ.

"ಮಾತ್ರೆ ತಗೊಂಡ್ರಾ?"

"ತಗೊಂಡೆ, ತಗೊಂಡೆ. ನೀನು ನರ್ಸಮ್ಮನ ಥರ ಆಡ್ಬೇಡ."

ಕೊಲ್ಲಿಯ ಊರೊಂದರಲ್ಲಿ ವಿಮಾನ ಬದಲಿಸಿ ಅಂಕಾರಾ ತಲುಪಿದೆವು. ಚೆನ್ನೈಯಲ್ಲಿ ಬೆವರು ಒರೆಸಿಕೊಂಡು ಹೊರಟವರಿಗೆ ಅಲ್ಲಿನ ಚಳಿ ಮೂಳೆಗೆ ತಾಗಿತು. ನಮ್ಮ ತಂಡದಲ್ಲಿ ಹದಿನಾಲ್ಕು ಜನ. ನಮ್ಮಿಬ್ಬರನ್ನು ಬಿಟ್ಟು ಎಲ್ಲರೂ ತಮಿಳರು. ಮುಂದಾಳು ಒಬ್ಬ ಪಾಸ್ಟರ್. ಜೊತೆಗೆ ಅಡ್ಯಾರಿನಿಂದ ಬಂದ ಅಡುಗೆಯವರು ಸೆಲ್ವಂ. ಹೋಟೆಲಿನವರು ಬೆಳಿಗ್ಗೆ ಆಲಿವ್ ಕಾಯಿ, ಚೀಸು, ಸೌತೆಕಾಯಿ ಇಟ್ಟರೆ, ಸೆಲ್ವಂ ತಮ್ಮ ಪೆಟ್ಟಿಗೆ ಬಿಚ್ಚಿ ಉಪ್ಪಿಟ್ಟು ಮಾಡಿ ಬಡಿಸಿದರು. ಎಲ್ಲರೂ ಸಾಲಾಗಿ ಅತ್ತ ತಿರುಗಿದರು.

ಪಾಸ್ಟರ್ ಒಂದು ಪದ್ಧತಿ ಇಟ್ಟಿದ್ದರು. ಪ್ರತಿ ಹಳೆಯ ಸ್ಥಳದಲ್ಲೂ ಗೈಡಿನ ಮಾತು ಮುಗಿದ ಮೇಲೆ ಮೌನ ನಡಿಗೆ. ಬಾಗಿಲಿನಿಂದ ಹೊರಟು ವ್ಯಾನಿಗೆ ಹಿಂದಿರುಗುವವರೆಗೆ ಯಾರೂ ತುಟಿ ಬಿಚ್ಚಬಾರದು. "ಒಂದು ಮಾತೂ ಬೇಡ. ಮನಸ್ಸಲ್ಲೇ ಪ್ರಾರ್ಥನೆ," ಎಂದು ಅಂಕಾರಾದಲ್ಲೇ ಹೇಳಿದರು. ಅತ್ತಿಗೆ ನನ್ನ ಕಿವಿಯಲ್ಲಿ, "ನನ್ನ ಬಾಯಿಗೆ ಬೀಗ ಹಾಕೋಕೆ ಟರ್ಕಿವರೆಗೂ ಬರ್ಬೇಕಾಯ್ತು ನೋಡು," ಎಂದರು.

ಅಂಕಾರಾದಿಂದ ಬೆಟ್ಟಕ್ಕೆ ಸುಮಾರು ಇನ್ನೂರು ಕಿಲೋಮೀಟರು, ಮೂರು ಗಂಟೆಯ ದಾರಿ. ಬೋಳು ಗುಡ್ಡಗಳು, ಹಸಿರು ಗೋಧಿ, ನಡುನಡುವೆ ಕುರಿಮಂದೆ. ವ್ಯಾನಿನಲ್ಲಿ ವಾಂತಿ ಬರುತ್ತದೆಂದು ಅತ್ತಿಗೆ ಕಿಟಕಿಯ ಗಾಜು ಸರಿಸಿಕೊಂಡೇ ಕುಳಿತರು. ದಾರಿಯಲ್ಲಿ ಪಾಸ್ಟರ್ ಮೈಕು ಹಿಡಿದು ಬೈಬಲಿನ ಸಮಾರ್ಯ ಪಟ್ಟಣದ ಮುತ್ತಿಗೆಯ ಕಥೆ ಹೇಳಿದರು. ಮುತ್ತಿಗೆ ಹಾಕಿದ್ದ ಅರಾಮ್ಯರ ಕಿವಿಗೆ ಮುಸ್ಸಂಜೆಯಲ್ಲಿ ರಥಗಳ ಸದ್ದು ಕೇಳಿಸಿತು. ಹಿತ್ತಿಯರ ಅರಸರು ದಂಡೆತ್ತಿ ಬಂದರೆಂದು ಅವರು ಡೇರೆ, ಕುದುರೆ, ಕತ್ತೆಗಳನ್ನೆಲ್ಲ ಬಿಟ್ಟು ಓಡಿದರು. ಯಾವ ಅರಸನೂ ಬಂದಿರಲಿಲ್ಲ. ನಮ್ಮವರು ಇದೇ ಪಾಠ ಮಾಡುವಾಗ ಮಕ್ಕಳಿಂದ ಬೆಂಚು ಬಡಿಸಿ ರಥದ ಸದ್ದು ಮಾಡಿಸುತ್ತಿದ್ದರು. ನಾನು ಹೊರಗೆ ತಿರುಗಿ ಕಣ್ಣೊರೆಸಿಕೊಂಡೆ.

ಹತ್ತೂಷ ಎಂಬ ಆ ರಾಜಧಾನಿಯಲ್ಲಿ ಈಗ ಅರಮನೆಯಿಲ್ಲ. ಬೆಟ್ಟದ ತುಂಬ ಗೋಡೆಗಳ ಬುಡದ ಕಲ್ಲುಗಳು, ಅವುಗಳ ನಡುವೆ ಹುಲ್ಲು. ಗೈಡ್ ಮೆಹ್ಮೆತ್ ನಡುವಯಸ್ಸಿನವರು, ನಿಧಾನವಾದ ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದರು. ಇಲ್ಲಿನ ಜನ ತಮ್ಮ ಅರಸ ಸತ್ತ ಎಂದು ಬರೆಯುತ್ತಿರಲಿಲ್ಲ, ದೇವರಾದ ಎಂದು ಬರೆಯುತ್ತಿದ್ದರು. ನಮ್ಮ ಸಭೆಯಲ್ಲಿ ಕರ್ತನಲ್ಲಿ ನಿದ್ರಿಸಿದರು ಎನ್ನುತ್ತೇವೆ. ಸತ್ತರು ಎನ್ನಲು ಯಾವ ಕಾಲದವರಿಗೂ ಬಾಯಿ ಬರುವುದಿಲ್ಲ.

ಮೆಹ್ಮೆತ್ ಮುರ್ಸಿಲಿ ಎಂಬ ಅರಸನ ಕಥೆ ಹೇಳಿದರು. ಅವನ ತಂದೆಯ ಕಾಲದಲ್ಲಿ ಐಗುಪ್ತದ, ಅಂದರೆ ಈಜಿಪ್ಟಿನ, ಸೆರೆಯಾಳುಗಳ ಜೊತೆ ಸಾಂಕ್ರಾಮಿಕ ರೋಗ ಬಂತು. ತಂದೆ ಹೋದ, ಅಣ್ಣನೂ ಹೋದ. ಪಟ್ಟಕ್ಕೆ ಬಂದ ಚಿಕ್ಕವನನ್ನು ನೋಡಿ ಶತ್ರುಗಳು ಕೂಸು ಎಂದು ಹಂಗಿಸಿದರು. ರೋಗ ನಿಲ್ಲಲಿಲ್ಲ. ಯಾವ ತಪ್ಪಿಗೆ ಈ ಶಿಕ್ಷೆ ಎಂದು ಅವನು ದೇವರುಗಳನ್ನು ಕೇಳುತ್ತಲೇ ಇದ್ದ. ಒಮ್ಮೆ ರಥದಲ್ಲಿ ಹೋಗುವಾಗ ಬಿರುಗಾಳಿ ಎದ್ದು ಭಯಂಕರವಾಗಿ ಗುಡುಗಿತು. ಅವನು ಹೆದರಿದ, ಬಾಯಲ್ಲಿ ಮಾತು ಸಣ್ಣದಾಯಿತು. ಕೆಲವು ವರ್ಷಗಳ ಮೇಲೆ ಬಾಯಿಯೂ ಒಂದು ಪಕ್ಕಕ್ಕೆ ಹೋಯಿತು. ಆಗ ಒಂದು ಎತ್ತನ್ನು ಸಿಂಗರಿಸಿ, ಅರಸನ ಕೈಯನ್ನು ಅದರ ಮೇಲೆ ಇಡಿಸಿ, ಗುಡುಗಿನ ದಿನ ತೊಟ್ಟಿದ್ದ ಬಟ್ಟೆ, ಏರಿದ್ದ ರಥ ಎಲ್ಲವನ್ನೂ ಅದರ ಜೊತೆ ದೂರದ ಗುಡಿಗೆ ಬಲಿಗೆಂದು ಕಳಿಸಿಬಿಟ್ಟರಂತೆ.

"ಎತ್ತು ಪಾಪ ಏನು ಮಾಡಿತ್ತು?" ಎಂದರು ಅತ್ತಿಗೆ. ಆಮೇಲೆ ದನಿ ತಗ್ಗಿಸಿ, "ನಮ್ಮ ತಂಬಿಗೂ ಹಿಂಗೇ ಆಯ್ತಲ್ಲ ಪ್ರೇಮಾ," ಎಂದರು. ತಮ್ಮನನ್ನು ಅವರು ಯಾವಾಗಲೂ ತಂಬಿ ಎಂದೇ ಕರೆಯುತ್ತಿದ್ದರು. ಪಾಸ್ಟರ್ ಕೈಯೆತ್ತಿದರು. ಮೌನ ಶುರುವಾಯಿತು.

ಸಿಂಹದ್ವಾರದ ಹತ್ತಿರ ಬರುವಷ್ಟರಲ್ಲಿ ಪಶ್ಚಿಮದ ಆಕಾಶ ಕಪ್ಪಾಗಿತ್ತು. ಬಾಯಿ ತೆರೆದ ಕಲ್ಲಿನ ಸಿಂಹಗಳ ಮೇಲೆ ಮಿಂಚಿತು. ಅತ್ತಿಗೆ ಕೆನ್ನೆ ಉಜ್ಜಿಕೊಳ್ಳುತ್ತಾ ಮುಂದೆ ನಡೆದರು. ಚಳಿಗೆ ಇರಬೇಕೆಂದುಕೊಂಡೆ. ಮಳೆ ಹನಿ ದಪ್ಪವಾದಾಗ ನಾವೆಲ್ಲ ಕೋಟೆಯ ದಿಬ್ಬದ ಅಡಿಯ ಸುರಂಗಕ್ಕೆ ನುಗ್ಗಿದೆವು. ಎರಡು ಕಡೆಯಿಂದ ಕಲ್ಲುಗಳು ಬಾಗಿ ತಲೆಯ ಮೇಲೆ ಕೂಡಿಕೊಂಡ ಇಕ್ಕಟ್ಟಿನ ದಾರಿ ಅದು. ನಡುವೆ ಕತ್ತಲು. ಗುಡುಗಿದಾಗ ಸದ್ದು ಎರಡೂ ತುದಿಯಿಂದ ಒಳಗೆ ಬಂದು ನಮ್ಮ ಮೇಲೆಯೇ ಕೂಡಿತು. ಹದಿನಾಲ್ಕು ಜನರಲ್ಲಿ ಒಬ್ಬರೂ ಅಯ್ಯೋ ಎನ್ನಲಿಲ್ಲ. ಆ ಮೌನವೇ ನನ್ನನ್ನು ಹೆಚ್ಚು ಹೆದರಿಸಿತು. ಅತ್ತಿಗೆಯ ಸೀರೆ ಸೆರಗು ಹಿಡಿದುಕೊಂಡು ನಡೆದೆ.

ಆಚೆ ತುದಿಯ ಬೆಳಕಿನಲ್ಲಿ ಅವರು ನನ್ನ ಕಡೆ ತಿರುಗಿದರು. ಬಾಯಿಯ ಎಡತುದಿ ಕೆಳಗೆ ಜೋತಿತ್ತು.

"ಅತ್ತಿಗೆ!" ಎಂದು ಕಿರುಚಿದೆ.

"ಸಿಸ್ಟರ್, ಮೌನಂ," ಎಂದರು ಪಾಸ್ಟರ್ ಪಿಸುದನಿಯಲ್ಲಿ.

"ಮೌನ ಸಾಕು ಪಾಸ್ಟರ್! ಇವರ ಬಾಯಿ ನೋಡಿ!"

ಅತ್ತಿಗೆ ಏನೋ ಹೇಳಲು ಹೋದರು. "ಫ್ರೇವಾ" ಎಂದಂತೆ ಬಂತು. ನೀರಿನ ಬಾಟಲಿ ಕೊಟ್ಟೆ, ಅರ್ಧ ನೀರು ಗಲ್ಲದ ಮೇಲೆ ಇಳಿಯಿತು.

"ಕುಳಿರು ಸಿಸ್ಟರ್, ಚಳಿ ಅಷ್ಟೇ, ಬಿಸಿ ಟೀ ಕುಡಿದ್ರೆ ಸರಿಹೋಗುತ್ತೆ. ಇನ್ನೊಂದು ಸ್ಥಳ ಬಾಕಿ ಇದೆ," ಎಂದರು ಪಾಸ್ಟರ್. ಅವರ ದನಿಯಲ್ಲೂ ಭಯವಿತ್ತು. ಮೆಹ್ಮೆತ್ ಅತ್ತಿಗೆಯ ಮುಖವನ್ನು ಒಮ್ಮೆ ನೋಡಿದವರೇ ಫೋನು ಕಿವಿಗಿಟ್ಟು ಮಳೆಯಲ್ಲಿ ವ್ಯಾನಿನ ಕಡೆ ಓಡಿದರು.

ಆಸ್ಪತ್ರೆ ಇದ್ದದ್ದು ಸುಂಗುರ್ಲು ಎಂಬ ಊರಿನಲ್ಲಿ, ಅರ್ಧ ಗಂಟೆ ದೂರ. ದಾರಿಯುದ್ದಕ್ಕೂ ಆಲಿಕಲ್ಲು ವ್ಯಾನಿನ ನೆತ್ತಿಯ ಮೇಲೆ ಬಡಿಯಿತು. ಚೆನ್ನೈಯ ಆಸ್ಪತ್ರೆಯಲ್ಲಿ ಕಲಿಸಿದ್ದಂತೆ ಅತ್ತಿಗೆಯ ಎರಡೂ ಕೈ ಎತ್ತಿಸಿದೆ. ಎರಡೂ ಎದ್ದವು. ನಂಬಲಿಲ್ಲ, ಮತ್ತೆ ಎತ್ತಿಸಿದೆ. ಈ ಭಾಷೆ ಬಾರದ ನಾಡಿನಲ್ಲಿ ಅವರೂ ಹೋದರೆ ಯಾರ ಹತ್ತಿರ ಏನು ಕೇಳಲಿ, ಎಲ್ಲಿ ಮಲಗಿಸಲಿ? ಅಬ್ರಹಾಮನು ಹಿತ್ತಿಯರ ಮುಂದೆ ಬಗ್ಗಿ ನಿಂತು ನಾನು ಪರದೇಶಿ ಎಂದ ಕಥೆ ಇಷ್ಟು ವರ್ಷ ಕೇಳಿದ್ದೆ. ಅದರೊಳಗಿನ ಭಯ ಅಂದು ತಿಳಿಯಿತು.

"ಯಾವಾಗಿಂದ ಅತ್ತಿಗೆ?"

"ಸಿಂಹದ ಹತ್ರಾನೇ... ಕೆನ್ನೆ ಮರಗಟ್ಟಿತ್ತು. ಮಾತಾಡಬಾರದು ಅಂದ್ರಲ್ಲ, ಸುಮ್ನಿದ್ದೆ," ಎಂದರು, ಒಂದೊಂದೇ ಪದ ಎಳೆದು. ಮುಂದಿನ ಸೀಟಿನಲ್ಲಿ ಪಾಸ್ಟರ್ ತಲೆ ತಗ್ಗಿಸಿದರು.

ವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು. ಅವರು ಹೇಳಿದ್ದನ್ನು ಮೆಹ್ಮೆತ್ ಇಂಗ್ಲಿಷ್‌ಗೆ ತಿರುಗಿಸಿದರು. "ಹುಬ್ಬು ಮೇಲೆತ್ತಿ." ಅತ್ತಿಗೆ ಎತ್ತಿದರು. ಬಲಗಡೆ ಹಣೆಯಲ್ಲಿ ಗೆರೆ ಮೂಡಿತು, ಎಡಗಡೆ ನುಣ್ಣಗೆ ಉಳಿಯಿತು. ಕಣ್ಣು ಮುಚ್ಚಲು ಹೇಳಿದಾಗ ಎಡಗಣ್ಣು ಪೂರ್ತಿ ಮುಚ್ಚಲಿಲ್ಲ. ವೈದ್ಯೆಯ ಭುಜ ಸ್ವಲ್ಪ ಸಡಿಲವಾದದ್ದನ್ನು ನಾನು ಕಂಡೆ. ಆದರೂ ತಲೆಯ ಸ್ಕ್ಯಾನ್ ಮಾಡಿಸಿದರು. ಅದು ಬರುವವರೆಗೆ ಕಾರಿಡಾರಿನ ಬೆಂಚಿನಲ್ಲಿ ಕುಳಿತು ನಾನು ಪ್ರಾರ್ಥಿಸಲೂ ಹೆದರಿದೆ. ಕಳೆದ ಸಲ ಪ್ರಾರ್ಥಿಸಿದ್ದೆ.

ಮೆದುಳಿಗೆ ಏನೂ ಆಗಿರಲಿಲ್ಲ. ಮುಖದ ನರವೊಂದು ಊದಿಕೊಂಡಿತ್ತು; ಪಾರ್ಶ್ವವಾಯುವಾಗಿದ್ದರೆ ಹಣೆಯ ಗೆರೆ ಹೀಗೆ ಅಳಿಸುತ್ತಿರಲಿಲ್ಲವಂತೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ ಎಂದರು. ಮಾತ್ರೆ, ಕಣ್ಣಿಗೆ ಹನಿ, ಮಲಗುವಾಗ ರೆಪ್ಪೆಗೆ ಪಟ್ಟಿ. ಮೆಹ್ಮೆತ್ ಅದನ್ನು ಎರಡು ಸಲ ಹೇಳಬೇಕಾಯಿತು. ಪಾಸ್ಟರ್ ಅತ್ತಿಗೆಯ ಮುಂದೆ ಬಂದು ನಿಂತು, "ಅಮ್ಮಾ, ಇನ್ಮೇಲೆ ನೀವು ಮಾತಾಡ್ತಾನೇ ಇರಿ," ಎಂದರು.

ಉಳಿದ ಸ್ಥಳಗಳನ್ನು ನಾವಿಬ್ಬರೂ ನೋಡಲಿಲ್ಲ, ಅಂಕಾರಾದ ಹೋಟೆಲಿನಲ್ಲೇ ಉಳಿದೆವು. ನಾಲ್ಕನೆಯ ದಿನ ತಂಡದ ಜೊತೆ ಹೊರಟೆವು. ವಿಮಾನ ಮೇಲೆದ್ದಾಗ ಕೆಳಗೆ ಆ ಬೋಳು ಗುಡ್ಡಗಳು ಕಂಡವು. ಹತ್ತೂಷ ಯಾವ ಕಡೆಗಿದೆಯೋ ಗೊತ್ತಾಗಲಿಲ್ಲ.

ಎರಡನೆಯ ವಿಮಾನದಲ್ಲಿ ಊಟಕ್ಕೆ ಮೊಸರು ಕೊಟ್ಟರು. ಸೆಲ್ವಂ ಡಬ್ಬಿಯಲ್ಲಿ ಕಟ್ಟಿಕೊಟ್ಟಿದ್ದ ಅನ್ನಕ್ಕೆ ಅದನ್ನು ಕಲೆಸಿ, ಅತ್ತಿಗೆಯ ಬಾಯಿಗೆ ಚಮಚದಲ್ಲಿಟ್ಟೆ. ಎಡಗಡೆಯಿಂದ ಮೊಸರು ಇಳಿಯಿತು. ಸೆರಗಿನಿಂದ ಒರೆಸಿದೆ. ಏಳು ತಿಂಗಳ ಅಭ್ಯಾಸ, ಕೈ ತಾನಾಗಿಯೇ ಹೋಯಿತು.

"ಏಯ್, ಮೆಲ್ಲಗೆ! ಗೋಡೆಗೆ ಸುಣ್ಣ ಬಳೀತಿದ್ದೀಯಾ? ಉಪ್ಪೇ ಇಲ್ಲ ಇದರಲ್ಲಿ. ನನ್ ಕೈ ಚೆನ್ನಾಗೇ ಇದೆ, ಕೊಡು ಇಲ್ಲಿ ಚಮಚ," ಎಂದರು ಅತ್ತಿಗೆ, ಅರ್ಧ ಬಾಯಿಯಲ್ಲಿ, ಅಕ್ಷರಗಳನ್ನು ಚೆಲ್ಲುತ್ತಾ.

ನಾನು ಚಮಚ ಕೊಡಲಿಲ್ಲ. ಇದೇ ರೀತಿ ಒರೆಸಿದ ಇನ್ನೊಂದು ಬಾಯಿ ಒಂದು ದಿನವೂ ನನ್ನನ್ನು ಬೈದಿರಲಿಲ್ಲ.

"ಇನ್ನೂ ಬೈಯಿರಿ ಅತ್ತಿಗೆ," ಎಂದೆ.

ಅವರು ಉಪ್ಪಿನಿಂದ ಶುರುಮಾಡಿ, ನನ್ನ ಸೀರೆ, ನನ್ನ ಅಡುಗೆ, ನನ್ನ ಅಳುಮೂತಿ ಎಲ್ಲವನ್ನೂ ಹಿಡಿದು, ಪಲ್ಲಾವರಂನ ಮನೆಗಳ ಮೇಲೆ ವಿಮಾನ ಇಳಿಯುವವರೆಗೂ ಬೈದರು.