ನೋವಾಗ್ತದ, ತಡಕೋರಿ

ಸೂಜಿ ಚುಚ್ಚುವ ಮುಂಚೆ ನರ್ಸುಗಳೆಲ್ಲ ‘ಏನೂ ಆಗಂಗಿಲ್ಲ’ ಎನ್ನುತ್ತಾರೆ. ನಮ್ಮ ಚಿಂಚೋಳಿಯ ಶರಣಮ್ಮ ಸಿಸ್ಟರ್ ಮಾತ್ರ ‘ನೋವಾಗ್ತದ, ತಡಕೋರಿ’ ಎಂದೇ ಚುಚ್ಚುತ್ತಿದ್ದರು. ನೋವಾಗದಿದ್ದರೆ ಅದನ್ನೂ ಮೊದಲೇ ಹೇಳುತ್ತಿದ್ದರು. ಹೇಳುವಾಗ ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಊರಲ್ಲಿ ಅವರ ಮಾತು ನಂಬದವರನ್ನು ನಾನು ಕಾಣೆ.

ನಿವೃತ್ತಿಯಾದ ಮೇಲೆ ಅವರು ಫೋನಿನಲ್ಲಿ ಪೋಕರ್ ಕಲಿತರು. ಪಕ್ಕದ ಮನೆಯಲ್ಲಿದ್ದ ನನ್ನನ್ನೂ, ಶಾಲೆಯಲ್ಲಿ ಪಾಠ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಎಳೆದು ಕೂರಿಸುತ್ತಿದ್ದರು. ದುಡ್ಡಿನ ಮಾತೆತ್ತಿದರೆ ಎದ್ದೇ ಹೋಗುವರು. ನಮ್ಮ ಬಂಡವಾಳವೆಲ್ಲ ಹುಣಸೆ ಬೀಜ. ಕೈಯಲ್ಲಿ ಗುಟ್ಟಾಗಿ ಎರಡು ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು ತೆರೆದು ಆಮೇಲೆ ಒಂದೊಂದು. ಬೀಜ ಎಷ್ಟು ಬೇಕಾದರೂ ಒಡ್ಡಬಹುದು, ಧೈರ್ಯವಿದ್ದರೆ ಇದ್ದದ್ದೆಲ್ಲ. ನಾನು ಪುಕ್ಕಲಿ, ಕೂಡದ ಎಲೆ ಬಂದರೆ ಒಗೆದು ಆ ಆಟ ಬಿಟ್ಟುಕೊಡುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿತ್ತು.

“ಕೂಡಿದ ಎಲಿ ಯಾರರೆ ಆಡ್ತಾರವ್ವ. ಇನ್ನಾ ಕೂಡಬೇಕಾದ ಎಲಿಗಿ ಎರಡು ದಾರಿ ಅವ. ಬೇಕಾದ್ದು ಬಂದ್ರ ಗೆದ್ದಿ. ಬರೋದ್ರೊಳಗ ಎದುರಿನವ್ರು ಅಂಜಿ ಎಲಿ ಒಗದ್ರೂ ಗೆದ್ದಿ.”

ನಮ್ಮೂರಿನ ಕ್ಲಬ್ಬಿನಲ್ಲಿ ಗಂಡಸರಿಗೆ ಕೇರಂ, ಇಸ್ಪೀಟು, ಫ್ಯಾನಿನ ಗಾಳಿ ಎಲ್ಲ ಇತ್ತು. ಹೆಂಗಸರಿಗೆ ಒಳಗೆ ಕಾಲಿಡುವಂತಿರಲಿಲ್ಲ. ಭಾನುವಾರ ಮಧ್ಯಾಹ್ನವಾದರೂ ಹಾಲ್ ಬಿಟ್ಟುಕೊಡಿ ಎಂದು ಸಿಸ್ಟರ್ ಕೇಳಿ ಕೇಳಿ ಸಾಕಾಗಿದ್ದರು. ಅಧ್ಯಕ್ಷರಾದ ತೊಗರಿ ವ್ಯಾಪಾರಿ ಮಲ್ಲಣ್ಣ ಸಾವಕಾರರು ಒಂದು ದಿನ ನಕ್ಕು, “ಪೋಕರ್ ಆಡ್ತೀರಂತಲ್ರಿ ಸಿಸ್ಟರಮ್ಮ. ನನಗ ಸೋಲಸ್ರಿ, ಐತವಾರ ನಿಮ್ದು. ಸೋತ್ರ ಮತ್ತ ಈ ಮಾತು ಎತ್ತಬಾರ್ದು ನೋಡ್ರಿ” ಎಂದರು. ಇವರು ಬೀಜದ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ಕ್ಲಬ್ಬಿನ ಜಗಲಿಯಲ್ಲಿ ಮೇಜು ಹಾಕಿದ್ದರು, ನಾನು ಅವರ ಬೆನ್ನಿಗೇ ಕೂತಿದ್ದೆ. ಬಹಳ ಹೊತ್ತು ಬೀಜಗಳು ಅತ್ತಿಂದಿತ್ತ ಓಡಾಡಿದವು. ಇದೇ ಕೊನೆಯ ಆಟ, ಗೆದ್ದವರದೇ ಪಂದ್ಯ ಎಂದು ಹಂಚಿದಾಗ ಅವರ ಕೈಗೆ ಆಟೀನಿನ ಎಂಟು, ಒಂಬತ್ತು ಬಂದವು. ಮೇಜಿನ ಮೇಲೆ ತೆರೆದ ಮೂರರಲ್ಲಿ ಎರಡು ಆಟೀನು, ಒಂದು ಇಸ್ಪೀಟಿನ ರಾಜ. ಇನ್ನೊಂದು ಆಟೀನು ಬಿದ್ದರೆ ಒಂದೇ ಜಾತಿಯ ಐದು ಎಲೆ ಕೂಡಿ ಗೆಲ್ಲುವ ಕೈ. ಸಾವಕಾರರು ಬೀಜ ಒಡ್ಡಿದರು, ಸಿಸ್ಟರ್ ಅದಕ್ಕಿಂತ ಹೆಚ್ಚು ಒಡ್ಡಿದರು. ನಾಲ್ಕನೆಯ ಎಲೆ ಕಳಾವರ್. ಸಿಸ್ಟರ್ ಮತ್ತೆ ಒಡ್ಡಿದರು, ಸಾವಕಾರರೂ ಅಷ್ಟೇ ಇಟ್ಟರು. ಐದನೆಯದು ಡೈಮನ್. ಅವರ ಕೈಯಲ್ಲಿ ಒಂದು ಜೋಡಿ ಕೂಡ ಇರಲಿಲ್ಲ.

ಸಿಸ್ಟರ್ ಇದ್ದಬದ್ದ ಬೀಜವನ್ನೆಲ್ಲ ಮುಂದೆ ನೂಕಿದರು. ಕನ್ನಡಕದ ಮೇಲಿಂದ ಸಾವಕಾರರನ್ನು ನೋಡಿ, “ನೋವಾಗ್ತದ, ತಡಕೋರಿ” ಎಂದರು.

ಸಾವಕಾರರ ಕೈ ತಾನಾಗಿ ಎಡತೋಳಿಗೆ ಹೋಯಿತು. ಹಿಂದೊಮ್ಮೆ ನಾಯಿ ಕಚ್ಚಿದಾಗ ಸೂಜಿಗಳನ್ನೆಲ್ಲ ಅವರು ಇವರಿಂದಲೇ ಹಾಕಿಸಿಕೊಂಡಿದ್ದರು. “ಸಿಸ್ಟರಮ್ಮ ಯಾವತ್ತರೆ ಸುಳ್ಳು ಹೇಳ್ಯಾರೇನು” ಎಂದು ಪಕ್ಕದವರಿಗೆ ಹೇಳಿ, ರಾಜನ ಜೋಡಿಯಿದ್ದ ಕೈಯನ್ನು ಎಲ್ಲರಿಗೂ ಕಾಣುವಂತೆ ಒಗೆದುಬಿಟ್ಟರು. ಸಿಸ್ಟರ್ ತಮ್ಮ ಎಲೆಗಳನ್ನು ತೋರಿಸದೆ ಕಟ್ಟಿನೊಳಗೆ ಸೇರಿಸಿದರು. ನನಗೆ ಆ ಮೇಜಿನ ಮೇಲೇ ಕುಣಿಯಬೇಕೆನಿಸಿತು.

“ಸುಳ್ಳು ಹೇಳಿದ್ರಲ್ರಿ” ಎಂದೆ ದಾರಿಯಲ್ಲಿ.

“ಸುಳ್ಳೇನದವ್ವ? ಐತವಾರ ಹೋಯ್ತಲ್ಲ, ನೋವಾಗಂಗಿಲ್ಲೇನು ಅವ್ರಿಗಿ?”

ಅವರು ನನಗೆ ಸುಳ್ಳು ಹೇಳಿದ್ದು ಒಂದೇ ಸಲ, ಹೋದ ವರ್ಷ, ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಭಾಳ ನೋವದನ್ರಿ ಎಂದು ಕೇಳಿದೆ. “ಇಲ್ಲವ್ವ, ಏನೂ ನೋವಿಲ್ಲ. ನೀ ನಡಿ, ನಾಳಿ ಐತವಾರ, ಆಟ ತಪ್ಪಸಬ್ಯಾಡ” ಎಂದರು. ಮುಖದ ಗೆರೆ ಅಲುಗಲಿಲ್ಲ. ಸಾವಕಾರರ ಹಾಗೆ ನಾನೂ ನಂಬಿ ಎದ್ದು ಬಂದೆ. ಮತ್ತೆ ಅವರನ್ನು ನೋಡಲಾಗಲಿಲ್ಲ.

ಈಗ ಭಾನುವಾರ ಹಾಲಿನಲ್ಲಿ ಕೂಡಲು ಜಾಗ ಸಾಲುವುದಿಲ್ಲ, ಸುಲೇಪೇಟದಿಂದಲೂ ಬಸ್ ಹತ್ತಿ ಬರುತ್ತಾರೆ. ಮೊನ್ನೆ ಸಿಸ್ಟರ್ ಕೂಡುತ್ತಿದ್ದ ಕುರ್ಚಿಯಲ್ಲಿ ಸಾವಕಾರರ ಹೆಂಡತಿ ಕೂತಿದ್ದರು. ಬೀಜವನ್ನೆಲ್ಲ ಮುಂದೆ ನೂಕಿ, ನನ್ನನ್ನೇ ನೋಡುತ್ತ, “ನೋವಾಗ್ತದ ಟೀಚರ್, ತಡಕೋರಿ” ಎಂದರು.

ನನ್ನ ಕೈಯಲ್ಲಿ ರಾಜನ ಜೋಡಿ ಇತ್ತು. ಒಗೆದುಬಿಟ್ಟೆ.