ಸಾಕ್ಷಿಯ ಪಕ್ಕದ ಕುರ್ಚಿ

ಅಮೆರಿಕದ ಷಿಕಾಗೊ ಬಳಿಯ ಓಕ್ ಬ್ರೂಕ್‌ನ ಆಫೀಸ್ ಕಟ್ಟಡದ ಒಂದು ಕೋಣೆಯಲ್ಲಿ ಬೆಳಗಿನ ಆರಕ್ಕೇ ದೀಪ ಉರಿಯುತ್ತಿದೆ. ಜಯದೇವಿ ಕ್ಯಾಮೆರಾ ಒರೆಸುತ್ತಾರೆ, ಬಾಗಿಲು ಭದ್ರವಾಗಿದೆಯೇ ನೋಡುತ್ತಾರೆ, ಆಮೇಲೆ ಮೇಜಿನ ಮೇಲೆ ಒಂದು ಲೋಟ ನೀರು, ಒಂದು ಚೂರು ಬೆಲ್ಲ ಇಡುತ್ತಾರೆ. ಬೆಲ್ಲ ಶಾಮ್‌ಬರ್ಗ್‌ನ ಅವರ ಮನೆಯಿಂದಲೇ ಬರುತ್ತದೆ. ಗಜೇಂದ್ರಗಡದ ಹೆಣ್ಣುಮಗಳು ಬಂದವರಿಗೆ ಬರೀ ನೀರು ಕೊಡುವುದುಂಟೇ?

ಇಲ್ಲಿಗೆ ಬರುವವರು ನೆಂಟರಲ್ಲ, ಸಾಕ್ಷಿಗಳು. ಯುದ್ಧದಿಂದ ಪಾರಾಗಿ ಷಿಕಾಗೊ, ಡೆಟ್ರಾಯಿಟ್ ಸುತ್ತ ನೆಲೆಸಿದವರು. ಅವರ ಊರು ಸುಟ್ಟವರ ವಿಚಾರಣೆ ಯುರೋಪಿನ ಅಂತರರಾಷ್ಟ್ರೀಯ ನ್ಯಾಯಾಲಯವೊಂದರಲ್ಲಿ ನಡೆಯುತ್ತದೆ. ಅಷ್ಟು ದೂರ ಹೋಗಲಾಗದ ವಯಸ್ಸಾದವರು ಈ ಕೋಣೆಯಿಂದ ವಿಡಿಯೊದಲ್ಲಿ ಸಾಕ್ಷಿ ನುಡಿಯುತ್ತಾರೆ. ಅವರಿಗೆ ಯಾರೂ ಹೇಳಿಕೊಡದಂತೆ, ಹೆದರಿಸದಂತೆ ಪಕ್ಕದಲ್ಲಿ ಕೂತು ಕಾಯುವುದು ಜಯದೇವಿಯ ಕೆಲಸ. ಮಾತಾಡುವಂತಿಲ್ಲ, ತಲೆಯಾಡಿಸುವಂತೆಯೂ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ನಾವು ಸನ್ಮಾನದ ಶಾಲು ಹೊದಿಸುವುದು ಮಾತ್ರ ಮಾತುಗಾರರಿಗೇ.

"ಮಗಳು ಶರಣ್ಯಾ ನಗತಾಳ್ರಿ. 'ಮಾಮ್, ಯು ಜಸ್ಟ್ ಸಿಟ್ ದೇರ್' ಅಂತಾಳ. ಸುಮ್ನ ಕುಂದ್ರೂದು ಎಷ್ಟು ಕಷ್ಟ ಅಂತ ಕುಂತವ್ರಿಗೇ ಗೊತ್ತು."

ಆ ಕಷ್ಟವನ್ನು ಅವರಿಗೆ ಕಲಿಸಿದ್ದು ಒಬ್ಬ ವೃದ್ಧ ತಾಯಿ. ತೀರ್ಪು ಬಂದು ವರ್ಷಗಳಾದರೂ ಜಯದೇವಿ ಆಕೆಯ ಹೆಸರು, ದೇಶ ಹೇಳುವುದಿಲ್ಲ. ನರಮೇಧದ ಆರೋಪ ನಿಲ್ಲಬೇಕಾದರೆ ಕೊಂದದ್ದನ್ನು ತೋರಿಸಿದರೆ ಸಾಲದು, ಆ ಜನರನ್ನೇ ಇಲ್ಲವಾಗಿಸುವ ಉದ್ದೇಶವಿತ್ತೆಂದು ತೋರಿಸಬೇಕು. ತಮ್ಮ ಮಗನನ್ನು ಎಳೆದೊಯ್ಯುವಾಗ ಸೇನಾಧಿಕಾರಿ "ಇವರ ಒಂದು ಕೂಸೂ ಉಳಿಯಬಾರದು" ಎಂದದ್ದನ್ನು ಕಿವಿಯಾರೆ ಕೇಳಿ ಬದುಕಿ ಉಳಿದವರು ಆ ತಾಯಿ ಒಬ್ಬರೇ.

ಸಾಕ್ಷಿ ಹೇಳುತ್ತಾ ಆ ಮಾತಿನ ಹತ್ತಿರ ಬಂದು ಆಕೆ ತಡವರಿಸಿದರು. ಹೆಡ್‌ಫೋನ್‌ನಲ್ಲಿ ಇಂಗ್ಲಿಷ್ ಅನುವಾದ ಕೇಳುತ್ತಿದ್ದ ಜಯದೇವಿಯ ಬಾಯಿಂದ "ಹೂಂ" ಬಂದೇಬಿಟ್ಟಿತು.

"ಬ್ಯಾಸಿಗ್ಯಾಗ ನಮ್ಮಜ್ಜಿ ಮಾಳಗಿ ಮ್ಯಾಲ ಹಾಸಿಗಿ ಹಾಸಿ ಕಥಿ ಹೇಳತಿದ್ಲು. ಹೂಂ ಅನ್ನಲಿಲ್ಲಂದ್ರ ನಿಲ್ಲಿಸಿಬಿಡತಿದ್ಲು. ನಾವು ನಿದ್ದಿಗಣ್ಣಾಗೂ ಹೂಂ ಅನ್ನಾವ್ರ. ಅದು ರಕ್ತದಾಗ ಬಂದೈತ್ರಿ." ಇದನ್ನು ಹೇಳುವಾಗ ಅವರ ಮನಸ್ಸು ಇನ್ನೂ ಆ ಮಾಳಿಗೆಯ ಮೇಲೇ ಇರುತ್ತದೆ. ಅಂಥ ಬೇಸಿಗೆಗಳು ಇನ್ನು ಯಾರಿಗೆ ಸಿಗುತ್ತವೆ ಎಂದು ನನಗೂ ಸಂಕಟವಾಗುತ್ತದೆ.

ನ್ಯಾಯಾಲಯಕ್ಕೇನು ಗೊತ್ತು ಮಾಳಿಗೆಯ ಕಥೆ? ಆರೋಪಿಯ ವಕೀಲರು ಎದ್ದರು. ಪಕ್ಕದಲ್ಲಿರುವವರು ಹೂಂಗುಟ್ಟಿ ಸಾಕ್ಷಿಗೆ ಕುಮ್ಮಕ್ಕು ಕೊಡುತ್ತಿದ್ದಾರೆ, ಈ ಹೇಳಿಕೆಯನ್ನೇ ಕೈಬಿಡಿ ಎಂದರು. ಜಯದೇವಿ ತಮ್ಮೂರಿನ ಪದ್ಧತಿ ವಿವರಿಸಿದರು. ನ್ಯಾಯಾಧೀಶರು ನಂಬಿದರು. ಆದರೂ ಆ ಭಾಗವನ್ನು ತಾಯಿ ಮೊದಲಿಂದ ಹೇಳಬೇಕೆಂದರು.

"ನನ್ನ ಒಂದು ಹೂಂ ಸಲವಾಗಿ ಆಕಿ ಮಗನ್ನ ಎಳಕೊಂಡು ಹೋಗಿದ್ದು ಎರಡೆರಡು ಸಲ ಹೇಳಬೇಕಾತ್ರಿ. ಹ್ಯಾಂಗ ಮರೀಲಿ?"

ಎರಡನೇ ಸಲ ಜಯದೇವಿ ಬೆಲ್ಲದ ಚೂರು ಬಾಯಿಗಿಟ್ಟುಕೊಂಡು ತುಟಿ ಬಿಗಿದು ಕೂತರು. ತಾಯಿ ತಡೆಯದೆ ಹೇಳಿ ಮುಗಿಸಿದರು. ತೀರ್ಪಿನಲ್ಲಿ ಅವರ ಮಾತು ನಿಂತಿತು, ಅಧಿಕಾರಿಗೆ ಶಿಕ್ಷೆಯಾಯಿತು. ಅಂದಿನಿಂದ ವಿಚಾರಣೆ ಶುರುವಾಗುವ ಮೊದಲು ಜಯದೇವಿ ತಪ್ಪದೆ ಬಾಯಿಗೆ ಬೆಲ್ಲ ಹಾಕಿಕೊಳ್ಳುತ್ತಾರೆ.

ಇವತ್ತಿನ ಸಾಕ್ಷಿಯ ಕಾರು ಕೆಳಗೆ ಬಂದಿದೆ. ಎದ್ದು ನಿಂತ ಜಯದೇವಿ ಒಂದು ಮಾತು ಹೇಳಿ ಹೋಗುತ್ತಾರೆ.

"ಅವತ್ತು ವಿಡಿಯೊ ಬಂದ್ ಆದ ಮ್ಯಾಲೆ ಆ ತಾಯಿ ಏಳಲಿಲ್ಲ. ನನ್ನ ಕೈ ಹಿಡಕೊಂಡು ತನ್ನ ಭಾಷಾದಾಗ ಏನೋ ಹೇಳಾಕ ಹತ್ತಿದ್ಲು. ಅನುವಾದ ಮಾಡಾವ್ರು ಯಾರೂ ಇಲ್ಲ, ನನಗ ಒಂದಕ್ಷರ ತಿಳೀಲಿಲ್ಲ. ಸಣ್ಣ ಹುಡುಗನ ಎತ್ತರ ಕೈಲೆ ತೋರಿಸಿ ನಕ್ಕಳು ನೋಡ್ರಿ, ಆಗ ತಿಳೀತು. ಮುಗಿಯೂತನಕ ಹೂಂ ಅಂದೆ."